ಅಣ್ಣನ ಸಿನಿಮಾ, ನನ್ನ ರಿವ್ಯೂ

ಅಕ್ಟೋಬರ್ 6, ರವಿವಾರ

ಇನ್ನೊಂದು ರವಿವಾರ ಹಾಳು. ಹಳಿಯಾಳದ ಟಾಕೀಸಿನಲ್ಲಿ ಮ್ಯಾಟ್ನಿ. ಹೀರೋ ಕಾರಿನಿಂದ ಇಳಿಯುವುದಕ್ಕೇ ಒಂದು ಹಾಡು. ಹೀರೋಯಿನ್ ಬಂದಳು, ಪೆದ್ದಿಯಂತೆ ನಕ್ಕಳು, ಇಂಟರ್ವಲ್ ಆದಮೇಲೆ ಪತ್ತೆಯಿಲ್ಲ. ಮ್ಯೂಸಿಕ್ಕೋ, ಹಲ್ಲಿನ ಡಾಕ್ಟರ ಮಷಿನ್ನು. ಪಕ್ಕದಲ್ಲಿ ಮಧುಮತಿ ಸೀಟಿ ಹೊಡೆಯುತ್ತಿದ್ದಳು. ದಾಂಡೇಲಿಯ ಝೆರಾಕ್ಸ್ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತೇವೆ. ಸಿನಿಮಾ ವಿಷಯದಲ್ಲಿ ಮಾತ್ರ ಎಣ್ಣೆ–ಸೀಗೆಕಾಯಿ.

"ಜ್ಯೂಲಿ, ಈ ಜನ್ಮದಾಗ ನಿನಗ ಯಾವದರ ಸಿನಿಮಾ ಸೇರೈತೇನ?"

ಸೇರಿದ್ದವು ಇವೆ. ಒಂದು ಕೈಯ ಬೆರಳು ಸಾಕು.

ಅಕ್ಟೋಬರ್ 9

ಅಂತೋನಿ ಅಣ್ಣನ ಸಿನಿಮಾ ಮುಂದಿನ ಶುಕ್ರವಾರ ರಿಲೀಸ್! ಹೋದ ವರ್ಷ ಜೊಯಿಡಾ ಕಾಡಿನಲ್ಲಿ ಶೂಟಿಂಗ್ ಆಗಿದ್ದು. ಸಿದ್ದಿ ಹುಡುಗರು ಬೇಕು ಅಂತ ಮ್ಯಾನೇಜರ್ ಒಬ್ಬ ನಮ್ಮೂರಿಗೇ ಬಂದಿದ್ದ. ಅಣ್ಣನಿಗೆ ಕಾಡಿನ ನಾಯಕನ ಪಾತ್ರ. ಪಾವ್ಲು ಮಾಮಾನ ಡಮಾಮಿ ಡೋಲನ್ನೂ ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಮಗಳ ಮದುವೆಗೆಂದು ಮಾಮಾ ತಾನೇ ಕಟ್ಟಿದ ಬಡಿತ.

ಅಣ್ಣ ದಿನವೂ ಬಾವಿಕಟ್ಟೆಯ ಮೇಲೆ ಕೂತು ಡೈಲಾಗ್ ಹೇಳುತ್ತಾನೆ — "ಈ ನೆಲಾ ಬೇಕಂತ ಬಂದಿ, ನಮ್ಮನ್ನ ಒಂದ ಮಾತು ಕೇಳಿದೇನು?"

ಒಳ್ಳೆಯ ಸಾಲು. ನಾನೇ ಒಪ್ಪಿದ್ದೇನೆ. ಅಪರೂಪ.

ಅಕ್ಟೋಬರ್ 14

ಟ್ರೇಲರ್ ಬಂತು. ಅಣ್ಣ ಕಣ್ಣು ಮಿಟುಕಿಸುವಷ್ಟು ಹೊತ್ತು. ಮೈಗೆಲ್ಲ ಕಪ್ಪೆಣ್ಣೆ ಬಳಿದಿದ್ದಾರೆ. ನಮಗೆ! ಇದ್ದ ಕಪ್ಪು ಸಾಲಲಿಲ್ಲವೇನೋ. ಕೊರಳಲ್ಲಿ ಎಲುಬಿನ ಸರ ಬೇರೆ.

"ಮೇಕಪ್ ಅದು. ಹೀರೋಗೂ ಹಚ್ತಾರ ಬಿಡ," ಅಂದ ಅಣ್ಣ.

ಹೀರೋಗೆ ಹಚ್ಚಿದ್ದು ಬಿಳಿ. ಅವ್ವ ಶುಕ್ರವಾರಕ್ಕೆಂದು ಸೀರೆ ಇಸ್ತ್ರಿಗೆ ಕೊಟ್ಟಿದ್ದಾಳೆ.

ಅಕ್ಟೋಬರ್ 18, ಶುಕ್ರವಾರ

ಛೀ.

ಅಕ್ಟೋಬರ್ 19

ನಿನ್ನೆ ಬರೆಯಲಾಗಲಿಲ್ಲ.

ಊರವರೆಲ್ಲ ಟೆಂಪೋದಲ್ಲಿ ಹಳಿಯಾಳಕ್ಕೆ ಹೋದೆವು. ಮಧುಮತಿ ದಾಂಡೇಲಿಯಿಂದ ಬಂದಳು. ಇಂಟರ್ವಲ್‌ವರೆಗೆ ಅಣ್ಣ ಇಲ್ಲ. ಆಮೇಲೆ — ಹೀರೋಯಿನ್ನನ್ನು ಕಂಬಕ್ಕೆ ಕಟ್ಟಿದ್ದಾರೆ, ಪಕ್ಕದಲ್ಲಿ ಬೆಂಕಿ, ಸುತ್ತ ನಮ್ಮ ಹುಡುಗರು ಕುಣಿಯುತ್ತಿದ್ದಾರೆ. ಅವಳನ್ನು ಸುಟ್ಟು ತಿನ್ನುವುದಕ್ಕಂತೆ! ಹಿಂದೆ ಮಾಮಾನ ಮದುವೆ ಬಡಿತ. ಅಣ್ಣ ಕ್ಲೋಸಪ್‌ನಲ್ಲಿ ಬಂದ. ನಮ್ಮವರೆಲ್ಲ ಚಪ್ಪಾಳೆ. ಬಾಯಿ ತೆರೆದ.

"ಹುರ್ರಾ ಬುರ್ರಾ ಗಬಕ್."

ಬೇರೆ ಯಾರದೋ ದನಿ. ಕೆಳಗೆ ಅಕ್ಷರ: ಇವಳ ಮಾಂಸ ಮೆತ್ತಗಿದೆ.

ಟಾಕೀಸು ಬಿದ್ದು ಬಿದ್ದು ನಕ್ಕಿತು. ಹೀರೋ ಒದ್ದ, ಅಣ್ಣ ಕೆಸರಿಗೆ ಬಿದ್ದ. ಸುತ್ತ ಸೀಟಿ. ಮಧುಮತಿ ಹೊಡೆಯಲಿಲ್ಲ. ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು.

ಪಾವ್ಲು ಮಾಮಾ ಎದ್ದು ಹೋದ. ಸಿನಿಮಾ ಬಿಟ್ಟಾಗ ಟೆಂಪೋದಲ್ಲಿ ಒಬ್ಬನೇ ಕೂತಿದ್ದ. "ಇನ್ನ ಮ್ಯಾಲ ಆ ಬಡಿತ ಯಾರ ಮದವ್ಯಾಗ ಬಡೀಲಿ ನಾ?" ಅಂದ.

ಅವ್ವ ಅಣ್ಣನ ತಲೆ ಸವರಿದಳು. ಕೊಂಕಣಿಯಲ್ಲಿ ಕೇಳಿದಳು — ಬಿದ್ದಾಗ ಪೆಟ್ಟಾಯಿತೇನೋ ಮಗನೇ?

ಅಕ್ಟೋಬರ್ 21

ರಿವ್ಯೂ ಓದಿ ಓದಿ ಹೇಸಿಗೆ. ಯೂಟ್ಯೂಬಿನವನೊಬ್ಬ — ಇಷ್ಟು ದಿನ ಇವನ ಮಾತು ನಂಬಿ ಟಿಕೆಟ್ ತೆಗೆಸುತ್ತಿದ್ದೆ — ಹೇಳುತ್ತಾನೆ: "ಕಾಡು ಜನರ ಸೀನ್ ಫುಲ್ ಒರಿಜಿನಲ್ ಗುರೂ, ಆಫ್ರಿಕಾದಿಂದಲೇ ಕರೆಸಿದ್ದಾರೆ!" ಆಫ್ರಿಕಾ! ಅಲ್ಲಿಂದ ಬಂದದ್ದು ನಮ್ಮ ಮುತ್ತಜ್ಜರ ಮುತ್ತಜ್ಜರು. ನಮ್ಮಣ್ಣ ಜೊಯಿಡಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದ. ಅನ್‌ಸಬ್‌ಸ್ಕ್ರೈಬ್.

ಪೇಪರಿನ ವಿಮರ್ಶಕರದು ಇನ್ನೂ ದೊಡ್ಡ ಮಾತು: ‘ಕಾಡೇ ಇಲ್ಲಿ ಒಂದು ಪಾತ್ರವಾಗಿದೆ.’ ಆಗಲಿ. ಮರ ಕಂಡಿತು, ಮನುಷ್ಯರು ಕಾಣಲಿಲ್ಲವೇ? ಇಂಥವರ ಬರಹ ಕತ್ತರಿಸಿ ಇಟ್ಟುಕೊಂಡಿದ್ದೆನಲ್ಲ... ಎಲ್ಲ ಒಲೆಗೆ ಹಾಕಿದೆ. ನೀರು ಕಾದಿತು.

ರಿವ್ಯೂ ನಾನೇ ಮಾಡುತ್ತೇನೆ.

ಅಕ್ಟೋಬರ್ 22

ಮೌಳಂಗಿ ಹೊಳೆ ದಂಡೆ. ಮಧುಮತಿ ಮೊಬೈಲ್ ಹಿಡಿದಳು. ಬೈದೆ, ಹೊಟ್ಟೆ ತಣ್ಣಗಾಗುವಷ್ಟು. ಕೊನೆಗೆ ಅತ್ತೂಬಿಟ್ಟೆ. ಮನೆಗೆ ಬಂದು ಅಣ್ಣನಿಗೆ ತೋರಿಸಿದೆ.

"ಇದನ್ನ ಹಾಕಬ್ಯಾಡ ಜ್ಯೂಲಿ."

"ಯಾಕ? ಅವರು ಮಾಡಿದ್ದು ಸರಿ ಐತೇನು?"

"ಡಬ್ಬಿಂಗಿಗೆ ಕರೀಲಿಲ್ಲಲ್ಲ, ಆವಾಗ ನನಗ ಸಂಶೆ ಬಂದಿತ್ತು. ಅವ್ವಗ ಹೆಂಗ ಹೇಳ್ಲಿ? ಊರ ತುಂಬ ಹೇಳ್ಕೊಂಡ ಬಂದಿದ್ಲು."

"ಮತ್ತ ಬಾವಿಕಟ್ಟಿ ಮ್ಯಾಲ ದಿನಾ ಡೈಲಾಗ್ ಹೇಳ್ತಿದ್ದಿ?"

"ಹೇಳ್ಕೋತ ಇದ್ರ ಖರೇ ಆಗ್ತೈತಿ ಅನಸ್ತಿತ್ತು." ಮೊಬೈಲ್ ತಿರುಗಿ ನನ್ನ ಕೈಗಿಟ್ಟ. "ಅವರು ನನ್ನ ತೋರಿಸಿ ನಗಿಸಿದ್ರು. ನೀ ನನ್ನ ಕತಿ ಹೇಳಿ ಅಳಸಾಕತ್ತಿ. ಎರಡರಾಗೂ ನಾ ಎಲ್ಲಿ ಮಾತಾಡೇನಿ?"

ಸಿಟ್ಟು ಬಂತು. ಆದರೂ ವಿಡಿಯೊ ಡಿಲೀಟ್.

ಅಕ್ಟೋಬರ್ 27, ರವಿವಾರ

ಅಣ್ಣ ತಾನಾಗಿಯೇ ಕರೆದ. "ಟಾಕೀಸಿಗೆ ಹೋಗೂಣು. ಮೊಬೈಲ್ ತಗೋ."

ಮ್ಯಾಟ್ನಿ ಬಿಡುವ ಹೊತ್ತು. ಚರ್ಚಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಂತ. ಜನ ಗುರುತು ಹಿಡಿದರು. "ಏಯ್, ಗಬಕ್!" ಸೆಲ್ಫಿಗೆ ಮುತ್ತಿದರು. ಕಪ್ಪು ಕನ್ನಡಕದವನೊಬ್ಬ ಹೆಗಲ ಮೇಲೆ ಕೈ ಹಾಕಿ, "ಒಂದ ಸಲ ಹುರ್ರಾ ಬುರ್ರಾ ಅನ್ನಲೇ" ಅಂದ.

ಅಣ್ಣ ಎಲ್ಲರಿಗೂ ಕೈ ಮುಗಿದ. "ನಮಸ್ಕಾರ್ರಿ. ನಾ ಅಂತೋನಿ. ಇದ ತಾಲೂಕಿನಾಂವ. ಸಿನಿಮಾ ಹೆಂಗಿತ್ರಿ?"

ನಗು ನಿಂತಿತು. "ಕನ್ನಡ ಬರ್ತೈತೇನ್ ನಿನಗ?" ಅಂದ ಕನ್ನಡಕದವನು.

"ನಿನ್ನ ಜೋಡಿನ ಕಲ್ತೇನಲ್ಲೋ, ಉದಯಕುಮಾರ. ಹೈಸ್ಕೂಲಿನ್ಯಾಗ, ಒಂದ ಬೆಂಚಿನ ಮ್ಯಾಲ."

ಉದಯಕುಮಾರ ಕನ್ನಡಕ ತೆಗೆದ. ನೋಡಿದ. ಮತ್ತೆ ಹಾಕಿಕೊಂಡ. ಹೆಗಲ ಮೇಲಿನ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ ಅವನಿಗೆ.

ಹಿಂದಿನಿಂದ ಒಬ್ಬ ಹೆಂಗಸು, "ಬ್ಯಾರೆ ದೇಶದವ್ರು ಅಂದ್ಕೊಂಡಿದ್ವಪಾ" ಅಂದಳು. ಸಿನಿಮಾ ಹೇಗಿತ್ತೆಂದು ಒಬ್ಬರೂ ಹೇಳಲಿಲ್ಲ. ಬೇಗ ಬೇಗ ಚದುರಿದರು.

ಎಲ್ಲ ಮೊಬೈಲಿನಲ್ಲಿ ಬಂದಿದೆ. ನಾನು ಒಂದು ಮಾತೂ ಸೇರಿಸಲಿಲ್ಲ. ಅಪ್‌ಲೋಡ್ ಅಣ್ಣನೇ ಒತ್ತಿದ.

ಅಕ್ಟೋಬರ್ 29, ಸಂಜೆ

ವಿಡಿಯೊ ಊರೂರು ತಿರುಗುತ್ತಿದೆ. ಕಮೆಂಟು ಅರ್ಧ ಹೊಲಸು. ಯೂಟ್ಯೂಬಿನವನು ತನ್ನ ರಿವ್ಯೂ ಸದ್ದಿಲ್ಲದೆ ತೆಗೆದಿದ್ದಾನೆ. ತಪ್ಪಾಯಿತು ಅನ್ನುವ ಒಂದು ಸಾಲಿಲ್ಲ. ಹೇಡಿ.

ಈಗ ಆ ಸಿನಿಮಾ ಮ್ಯಾನೇಜರನ ಫೋನು. ಅಣ್ಣ ಅಂಗಳದಲ್ಲಿ ಸ್ಪೀಕರ್ ಹಾಕಿದ್ದಾನೆ. ಅವ್ವ, ಪಾವ್ಲು ಮಾಮಾ ಪಕ್ಕದಲ್ಲೇ ಕೂತಿದ್ದಾರೆ. ಆ ಕಡೆಯಿಂದ ಬೈಗುಳವೋ ಬೈಗುಳ — ಉಂಡ ಮನೆ, ಅನ್ನ, ನಿಯತ್ತು, ಇನ್ನೊಂದು ಚಾನ್ಸು... ಅಣ್ಣ ಪೂರ್ತಿ ಕೇಳಿದ.

"ಮುಗೀತ್ರಿ? ಇನ್ನ ನಾ ಮಾತಾಡ್ತೇನಿ, ನೀವು ಕೇಳ್ರಿ. ಮೊದ್ಲ ನಮ್ಮ ಮಾಮಾನ ಡಮಾಮಿದ ವಿಷಯ —"

ಮಾಮಾ ತಲೆ ಎತ್ತಿದ. ಅವ್ವ ನನ್ನನ್ನೂ ಕರೆಯುತ್ತಿದ್ದಾಳೆ. ಅಣ್ಣನ ದನಿ ಇಷ್ಟು ಸ್ಪಷ್ಟವಾಗಿ ಯಾವ ಟಾಕೀಸಿನಲ್ಲೂ ಕೇಳಿರಲಿಲ್ಲ.