ಡಬ್ಬದ ಮೇಲಿನ ಮೂರು

ಅಕ್ಕಾ,

ಮೂರು ಚಕ್ರದ ಸೈಕಲ್ಲನ್ನು ಲೋಕಕ್ಕೆ ಮೊದಲು ಮಾಡಿಕೊಟ್ಟವನು ನಾನೇ ಎಂಬುದು ನಿನಗೂ ಗೊತ್ತು. ಅದಕ್ಕೇ ನಿನ್ನ ಮೊಮ್ಮಗಳಿಗೊಂದು ಆರಿಸಿ ತರಲು ನಿನ್ನ ಮಗಳು ನನ್ನನ್ನೇ ಕಳಿಸಿದಳು. ಥೂ, ಆ ಅಂಗಡಿಯೋ! ಸೈಕಲ್ಲುಗಳಿಗೆಲ್ಲ ಸುಟ್ಟ ರಬ್ಬರಿನ ನಾತ. ಒತ್ತಿದರೆ ಕತ್ತು ಹಿಸುಕಿದ ಕೋಳಿಯಂತೆ ಕಿರುಚುವ ಹಾರನ್ನು. ಒಂದರ ರಟ್ಟಿನ ಡಬ್ಬದ ಮೇಲೆ ಮೂರು ಎಂದು ಬರೆದು ಪಕ್ಕದಲ್ಲಿ ಕೂಡುವ ಗುರುತು ಹಾಕಿದ್ದರು. ಮೂರು ಚಕ್ರ, ಮೇಲೆ ಇನ್ನೇನೋ ಪುಕ್ಕಟೆ ಎಂದುಕೊಂಡು ಹೊತ್ತು ತಂದೆ.

ಕೂರಿಸಿದರೆ ಒಂದೂವರೆ ವರ್ಷದ ಕೂಸಿನ ಕಾಲು ಪೆಡಲಿಗೆ ಗೇಣು ದೂರ!

"ಮಾಮಾ, ಮೂರು ವರ್ಷ ತುಂಬಿದ ಮಕ್ಕಳಿಗೆ ಅಂತ ಅದರರ್ಥ. ನೀನು ಚಕ್ರ ಎಣಿಸ್ಕೊಂಡು ಬಂದ್ಯಾ?" ಎಂದಳು ನಿನ್ನ ಮಗಳು.

ವಾಪಸ್ ಹೊತ್ತುಕೊಂಡು ಹೋದರೆ ಅಂಗಡಿಯವನು ಹಲ್ಲು ಕಿರಿದ. "ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಯಜಮಾನ್ರೇ. ಮಗು ಬೆಳೆಯುತ್ತಲ್ಲ, ಬಿಡಿ!"

ನೀನಾಗಿದ್ದರೆ ಕೂಸಿನ ಕಾಲನ್ನು ದಾರದಲ್ಲಿ ಅಳೆದು, ಆ ದಾರವನ್ನು ನನ್ನ ಜೇಬಿಗೆ ತುರುಕಿ ಕಳಿಸುತ್ತಿದ್ದೆ. ಕೊನೆಯ ಸಲ ಆಸ್ಪತ್ರೆಗೆ ಹೊರಟಾಗ, "ಕೂಸಿಗೆ ಸೈಕಲ್ ಕೊಡ್ಸೋ" ಎಂದು ದುಡ್ಡು ಕೊಟ್ಟವಳೂ ನೀನೇ. ಸೈಕಲ್ಲಿಗೆ ಹೋದದ್ದು ಎಂಟುನೂರು ಎಂದು ಮನೆಯಲ್ಲಿ ಹೇಳಿದ್ದೇನೆ.

ಮೂರು ಸಾವಿರದ ಇನ್ನೂರು, ಅಕ್ಕಾ. ನೀನು ಕೊಟ್ಟದ್ದಷ್ಟೂ.