ದೇವರ ಪಾಲಿನ ಕುದುರೆ

ಥಾರ್ನ್‌ಕೋಟ್ ಹಳ್ಳಿ, ಹೆರೆಫರ್ಡ್ ಸೀಮೆ
೧೯ ಅಕ್ಟೋಬರ್ ೧೮೩೧

ಕಡಲ ಮೇಲಿರುವ ನನ್ನ ಕಂದ ರೂಬೆನ್,

ನಿನ್ನ ಕೆಮ್ಮು ಹೇಗಿದೆ? ಉಣ್ಣೆಯ ಅಂಗಿ ತೊಡುತ್ತೀಯಾ, ಇಲ್ಲಾ ಹಡಗಿನ ಗೆಳೆಯರ ಮುಂದೆ ಜಂಬಕ್ಕೆ ಎದೆ ತೆರೆದು ಓಡಾಡುತ್ತೀಯಾ? ನಿನ್ನ ಅಪ್ಪನೂ ಹಾಗೇ ಇದ್ದರು. ಇದ್ದರು ಎಂದು ಬರೆದೆ ನೋಡು. ಕುಳಿತುಕೊಂಡು ಓದು, ಮಗನೇ. ಗೂಳಿಯ ಕೊಂಬು ಹಿಡಿದು ಮಂಡಿಯೂರಿಸುತ್ತಿದ್ದ ಕಟುಕ ಸೈಲಸ್ ಪಾರ್ಡೋ ಇನ್ನಿಲ್ಲ.

ಊರ ಗೋಮಾಳಕ್ಕೆ ಜಮೀನುದಾರ ಕಾಯ್ಲ್ ಬೇಲಿ ಹಾಕಿಸಿದ್ದು ನಿನಗೆ ಗೊತ್ತು. ಕಳೆದ ಗುರುವಾರ ನಿನ್ನ ಅಪ್ಪ ಅದನ್ನು ಕಿತ್ತೆಸೆದು, ತೆರೆದ ಜಾಗದಲ್ಲಿ ಕಂಬದಂತೆ ನಿಂತರು. ಆ ಹೊತ್ತಿಗೇ ಜಮೀನುದಾರನ ಮಗ ಜಾಸ್ಪರ್ ತನ್ನ ಕಪ್ಪು ಕುದುರೆ ಏರಿ ನರಿ ಬೇಟೆಗೆ ಬಂದ. "ದಾರಿ ಬಿಡೋ, ಹಂದಿ ಕಡಿಯೋನೆ" ಅಂದ. ನಿನ್ನ ಅಪ್ಪ ಟೋಪಿ ತೆಗೆಯಲಿಲ್ಲ. "ದಾರಿ ನಮ್ಮಜ್ಜಂದು ಸ್ವಾಮಿ, ನೀವೇ ಸುತ್ತಾಕ್ಕೊಂಡು ಹೋಗಿ" ಅಂದರು. ಅಷ್ಟೇ! ಅವನು ಚಾಟಿ ಬೀಸಿದ, ನಿನ್ನ ಅಪ್ಪ ನೆಲಕ್ಕೆ ಬಿದ್ದರು. ಕುದುರೆ ಮುಂಗಾಲೆತ್ತಿ ಹಿಂಜರಿಯಿತು, ಮಗನೇ. ಆ ಮೂಕಪ್ರಾಣಿಗೆ ಮನಸ್ಸಿರಲಿಲ್ಲ. ಅವನು ಲಗಾಮು ಜಗ್ಗಿ ತಿರುಗಿಸಿ, ಅದಕ್ಕೆ ರಕ್ತ ಚಿಮ್ಮುವಂತೆ ಬಾರಿಸಿ, ಬಿದ್ದವರ ಮೇಲೆ ಮತ್ತೆ ಮತ್ತೆ ಹಾಯಿಸಿದ. ಪಕ್ಕೆಲುಬುಗಳು ಒಣ ಸೌದೆಯಂತೆ ಮುರಿದ ಸದ್ದು ಬೇಲಿಯಾಚೆ ಹಣ್ಣು ಆಯುತ್ತಾ ಎಲ್ಲವನ್ನೂ ನೋಡುತ್ತಿದ್ದ ನನಗೆ ಕೇಳಿಸಿತು. ನಾನು ಓಡಿ ಬರುವಷ್ಟರಲ್ಲಿ ಆ ಮುಖದಲ್ಲಿ ಮುತ್ತಿಡಲು ಜಾಗವಿರಲಿಲ್ಲ.

ಹೆಂಡದಂಗಡಿಯಲ್ಲೇ ಸಾವಿನ ವಿಚಾರಣೆ ನಡೆಯಿತು. ನಿನ್ನ ಅಪ್ಪ ಕುಡಿಯುತ್ತಿದ್ದ ಮೇಜಿನ ಮೇಲೇ ಅವರ ಹೆಣ. ಎದುರಿಗೆ ಪಟ್ಟಣದ ಅಧಿಕಾರಿ, ಸುತ್ತ ಹನ್ನೆರಡು ಮಂದಿ ಪಂಚರು. ಎಲ್ಲರೂ ನಮ್ಮ ನೆರೆಯವರು, ಎಲ್ಲರೂ ಕಾಯ್ಲ್‌ನ ಗೇಣಿದಾರರು. ಕಂಡದ್ದನ್ನೆಲ್ಲ ಹೇಳಿದೆ. "ದುಃಖದಲ್ಲಿ ಕಣ್ಣು ಏನೇನೋ ನೋಡತ್ತಮ್ಮ" ಅಂದ ಅಧಿಕಾರಿ, ಒಂದು ಹಳೆಯ ಮಾತನ್ನು ಹೊರತೆಗೆದ: ಡಿಯೋಡ್ಯಾಂಡ್. ಹಾಗೆಂದರೇನು ಸ್ವಾಮಿ ಎಂದು ಕೇಳಿದೆ. ದೇವರಿಗೆ ಸಲ್ಲತಕ್ಕದ್ದು ಎಂದು ಅರ್ಥವಂತೆ. ಗಾಡಿಯ ಚಕ್ರವಿರಲಿ, ಉರುಳಿದ ಮರವಿರಲಿ, ಹಾಯ್ದ ಗೂಳಿಯಿರಲಿ, ಮನುಷ್ಯನ ಸಾವಿಗೆ ಕಾರಣವಾಗಿ ಚಲಿಸಿದ್ದೆಲ್ಲ ಪಾಪ ಹೊತ್ತ ವಸ್ತು. ದೇವರ ಹೆಸರಿನಲ್ಲಿ ದೊರೆ ಅದನ್ನು ಕಿತ್ತುಕೊಳ್ಳುತ್ತಾನಂತೆ. ಪಂಚರ ಮುಖಂಡ ಕಮ್ಮಾರ ಈನಾಕ್ ಎದ್ದು, ನೆಲ ನೋಡುತ್ತಾ, ತಪ್ಪು ಕುದುರೆಯದೇ ಎಂದ. ಹೊರಗೆ ಅವನ ದಾರಿಗೆ ಅಡ್ಡ ನಿಂತೆ. "ನಮಗೂ ಮಕ್ಕಳು ಮರಿ ಇದಾವೆ, ಕೆಜಾಯಕ್ಕ" ಅಂದು ಜಾರಿಕೊಂಡ.

ಇನ್ನೂ ಕೇಳು! ಈ ಸೀಮೆಯಲ್ಲಿ ದೇವರ ಪಾಲು ಪಡೆಯುವ ಹಕ್ಕನ್ನು ಯಾವುದೋ ಕಾಲದ ದೊರೆ ಕಾಯ್ಲ್ ಮನೆತನಕ್ಕೇ ಬರೆದುಕೊಟ್ಟಿದ್ದಾನಂತೆ. ಮಗನಿಂದ ಕಿತ್ತುಕೊಂಡ ಕುದುರೆ ಅಪ್ಪನಿಗೆ ಸೇರಿತು. ಅದೇ ಲಾಯ, ಅದೇ ಹುಲ್ಲು.

ನೀನು ಸಿಟ್ಟಿಗೆದ್ದು ಹಡಗು ಬಿಟ್ಟು ಬರಬೇಡ, ಓಡಿಹೋದ ನಾವಿಕನನ್ನು ಗಲ್ಲಿಗೇರಿಸಲು ಅವರಿಗೆ ನೆಪ ಬೇಕಾಗಿಲ್ಲ. ನಾನು ಹೇಗೋ ನುಂಗಿಕೊಳ್ಳುತ್ತೇನೆ. ಬಂದಿರುವ ಮಾಂಸದ ಕೆಲಸ ನಾನೇ ಮುಗಿಸುತ್ತಿದ್ದೇನೆ, ಅಪ್ಪನ ಕತ್ತಿ ನನ್ನ ಕೈಗೆ ಹೊಂದಿಕೊಂಡಿದೆ. ಬಿರುಗಾಳಿ ನಿನ್ನನ್ನು ಮುಟ್ಟದಿರಲಿ, ಅಪ್ಪನ ಎದೆಗಾರಿಕೆ ನಿನ್ನಲ್ಲಿ ಬಾಳಲಿ.

ನಿನ್ನ ಅಮ್ಮ,
ಕೆಜಾಯ ಪಾರ್ಡೋ

ತಾಜಾ ಕಲಂ: ಕಾಗದ ಮಡಿಸುವಷ್ಟರಲ್ಲಿ ಜಾಸ್ಪರ್ ಅಂಗಡಿಗೆ ಬಂದ. "ಕುದುರೆ ದೇವ್ರಿಗೆ ಹೋಯ್ತಲ್ಲಮ್ಮ, ಇನ್ನು ಜಗಳ ಮುಗೀತು" ಅಂದ. "ಚಾಟಿ ಹಿಡಿದಿದ್ದು ಯಾವ ಕೈಲಿ, ಚಿಕ್ಕ ಯಜಮಾನ್ರೆ?" ಅಂದೆ. ನಗುತ್ತಾ ಬಲಗೈಯನ್ನು ಮಾಂಸ ಕಡಿಯುವ ದಿಮ್ಮಿಯ ಮೇಲಿಟ್ಟು "ಇದೇ ನೋಡು" ಅಂದ. ಒಂದೇ ಏಟು, ರೂಬೆನ್. ಸಾವಿಗೆ ಕಾರಣವಾಗಿ ಚಲಿಸಿದ್ದೆಲ್ಲ ದೇವರದಲ್ಲವೇ? ಆ ಕೈಯನ್ನು ಚರ್ಚಿನ ಮೆಟ್ಟಿಲ ಮೇಲೆ ಇಟ್ಟು ಬಂದೆ. ಅವನನ್ನು ಹೊತ್ತುಕೊಂಡು ಹೋದರು, ರಕ್ತ ನಿಲ್ಲುತ್ತಿಲ್ಲವಂತೆ. ಬೀದಿಯ ತುದಿಯಲ್ಲಿ ಜನ ಬರುತ್ತಿದ್ದಾರೆ. ಅವನು ಸತ್ತರೆ ಅದೇ ಅಧಿಕಾರಿ ಬರುತ್ತಾನೆ, ಅದೇ ಹನ್ನೆರಡು ಮಂದಿ ಕೂರುತ್ತಾರೆ. ಆಗ ನಾನೂ ನೆಲ ನೋಡುತ್ತಾ ಹೇಳುತ್ತೇನೆ: ತಪ್ಪು ಕತ್ತಿಯದೇ.