ಹಾವಿನ ಮುಂದೆ ಎಡೆ ಇಡಬೇಡಿ

ಅತ್ತೆ,

ಏಳೂವರೆ ರೈಲಿಗೆ ಹೊರಟಿದ್ದೇನೆ. ಮುದ್ದೆ ಹಾಟ್‌ಬಾಕ್ಸಿನಲ್ಲಿದೆ, ಅವರೆಕಾಳು ಸಾರು ಒಲೆಯ ಮೇಲಿದೆ.

ಫ್ರೀಜರಿನಲ್ಲಿದ್ದ ಇಲಿಯನ್ನು ಬೆಚ್ಚಗೆ ಮಾಡಿ ಹಾವಿನ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ. ಮುನೇಶ್ ಇದ್ದಾಗ ಇಕ್ಕಳದಲ್ಲಿ ಹಿಡಿದು ತಿನ್ನಿಸುತ್ತಿದ್ದರು. ಇನ್ನು ಅದು ತಾನಾಗಿಯೇ ತಿನ್ನುವುದನ್ನು ಕಲಿಯಬೇಕು. ಕತ್ತಲಲ್ಲಿ ಒಂಟಿಯಾಗಿ ಬಿಟ್ಟರೆ ತಿನ್ನಬಹುದು ಎಂದು ಪ್ರಾಣಿಗಳ ಡಾಕ್ಟರು ಹೇಳಿದ್ದಾರೆ. ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆಯಬೇಡಿ. ಸಂಜೆಯವರೆಗೆ ಆ ಕೋಣೆಗೇ ಹೋಗಬೇಡಿ.

ಹನ್ನೊಂದನೇ ದಿನ ಅವರ ಎಡೆಯನ್ನು ಕಾಗೆ ಮುಟ್ಟಲಿಲ್ಲ, ನಿಜ. ಅದಕ್ಕೆಂದು ಹಾವಿನ ಮುಂದೆ ಎಡೆ ಇಡಬೇಡಿ. ನೀವಿಟ್ಟ ಹಾಲನ್ನೂ ಅದು ಮುಟ್ಟಿಲ್ಲ. "ಅವ್ನು ಹಸ್ಕೊಂಡಿದ್ರೆ ನನ್ ಗಂಟ್ಲಲ್ಲಿ ಎಂಗಮ್ಮ ಇಳೀತದೆ?" ಎಂದು ಮೂರು ದಿನದಿಂದ ತಟ್ಟೆ ತಳ್ಳುತ್ತಿದ್ದೀರಿ. ಹಾವು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ನೀವು ಇರಲಾರಿರಿ. ಇನ್ನೊಬ್ಬರನ್ನು ಕಳುಹಿಸಿಕೊಡುವ ಶಕ್ತಿ ನನಗಿಲ್ಲ.

ಹಾವಿಗೆ ಹೆಸರು ಗೊತ್ತಾಗುವುದಿಲ್ಲ ಎಂದು ನಿಮಗೆ ಹೇಳಿದವಳು ನಾನೇ. ಆದರೆ ನಿನ್ನೆ ನೀವು "ಮುನೀ" ಎಂದಾಗ ಅದು ತಲೆಯೆತ್ತಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕರೆದವರು ನೀವು. ಅದು ತಿರುಗಿ ನೋಡಿದ್ದು ನನ್ನನ್ನು.

ಇವತ್ತು ಕರೆಯಬೇಡಿ. ಊಟ ಮಾಡಿ, ಮಾತ್ರೆ ತೆಗೆದುಕೊಳ್ಳಿ.

ಸಂಜೆ ಬಂದಾಗ ಇಲಿ ಹಾಗೇ ಇದ್ದರೆ ನಾನು ಕರೆದು ನೋಡುತ್ತೇನೆ. ನಾವಿಬ್ಬರೇ ಇದ್ದಾಗ ಅವರನ್ನು ನಾನು ಬೇರೆ ಹೆಸರಿನಿಂದ ಕರೆಯುತ್ತಿದ್ದೆ.

ರಂಜಿತ